ಮನೆಯಲ್ಲೇ ನಾಮಕರಣ, 120 ಜನ, ಎರಡು ಬೆಕ್ಕು: ಅವತ್ತು ಅವನ್ನ ಎಲ್ಲಿ, ಹೇಗೆ ಇಡೋದು?

ಪ್ರಶ್ನೆ: ಹಿತ್ತಲಮನೆ

ಮುಂದಿನ ತಿಂಗಳು ಮೈಸೂರಿನ ನಮ್ಮ ಮನೆಯಲ್ಲೇ ಮಗುವಿನ ನಾಮಕರಣ. ಬೆಳಿಗ್ಗೆ 6ಕ್ಕೆ ಗಣಹೋಮ, ಆಮೇಲೆ ಓಲಗ, ಮಧ್ಯಾಹ್ನ ಊಟ. ಸಂಜೆ 5ರವರೆಗೂ ಜನ ಬಂದು ಹೋಗ್ತಾ ಇರ್ತಾರೆ. ಮಹಡಿ ಮೇಲೆ ಶಾಮಿಯಾನ, ಹಿತ್ತಲಲ್ಲಿ ಅಡುಗೆಯವರು. ಕೆಳಗೆ ಎರಡು ರೂಮು (ಒಂದಕ್ಕೆ ಬಾತ್‌ರೂಮ್ ಇದೆ), ಮೇಲೆ ಒಂದು ಚಿಕ್ಕ ಓದೋ ರೂಮು.

ಬೆಕ್ಕು ಎರಡು. ಹೆಣ್ಣಿಗೆ 5 ವರ್ಷ, ಕಾಲಿಂಗ್ ಬೆಲ್ ಆದ್ರೂ ಮಂಚದ ಕೆಳಗೆ ಸೇರುತ್ತೆ. ಗಂಡಿಗೆ 10 ತಿಂಗಳು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಬಾಗಿಲು ತೆರೆದ್ರೆ ಸಾಕು ಆಚೆ ನುಗ್ಗುತ್ತೆ. ಇಬ್ಬರನ್ನೂ ಒಂದೇ ರೂಮಲ್ಲಿ ಇಡಬಹುದಾ? ಬೋರ್ಡಿಂಗ್‌ಗೆ (ಸಾಕುಪ್ರಾಣಿಗಳನ್ನ ಇಟ್ಟುಕೊಂಡು ನೋಡಿಕೊಳ್ಳೋ ಜಾಗ) ಬಿಡೋದು ವಾಸಿನಾ? ಮನುಷ್ಯರ ನಿದ್ದೆ ಮಾತ್ರೆ ಕಾಲು ಭಾಗ ಕೊಡಿ ಅಂತ ಸಂಬಂಧಿಕರೊಬ್ಬರು ಹೇಳ್ತಿದ್ದಾರೆ, ಅದಕ್ಕೂ ಉತ್ತರ ಬೇಕು.

ಉತ್ತರ 1: ಚಿಲಕ_ಬೀಗ

ಮಾತ್ರೆ ಖಂಡಿತ ಬೇಡ. ಅದರ ವಿವರ ಬೇರೆ ಯಾರಾದ್ರೂ ಬರೀತಾರೆ. ನಾನು ರೂಮಿನ ವಿಷಯ ಹೇಳ್ತೀನಿ, ಯಾಕಂದ್ರೆ ಮುಕ್ಕಾಲು ಪಾಲು ತೊಂದರೆ ರೂಮಿನ ಆಯ್ಕೆಯಲ್ಲೇ ಶುರುವಾಗುತ್ತೆ.

ಬಾತ್‌ರೂಮ್ ಇರೋ ರೂಮನ್ನ ಬೆಕ್ಕಿಗೆ ಇಡಬೇಡಿ. ನೋಡೋಕೆ ಅನುಕೂಲ ಅನಿಸುತ್ತೆ, ಆದ್ರೆ ಅವತ್ತು ಎಲ್ಲರೂ ಕೇಳೋದು ಅದೇ ರೂಮನ್ನ. ಸೀರೆ ಬದಲಾಯಿಸೋಕೆ, ಮಗುವಿಗೆ ಹಾಲು ಕುಡಿಸೋಕೆ, ಮಂಡಿನೋವಿನ ಅಜ್ಜಿಗೆ ಕಮೋಡ್ ಬೇಕು ಅಂತ. ಹತ್ತು ಸಲ ಬಾಗಿಲು ತಟ್ಟಿದ ಮೇಲೆ ಹನ್ನೊಂದನೇ ಸಲ ಮನೆಯವರೇ ತೆಗೆದುಕೊಡ್ತಾರೆ. ಕೆಳಗಿನ ಇನ್ನೊಂದು ರೂಮೇ ಸರಿ. ಮೇಲಿನ ರೂಮು ಶಾಮಿಯಾನದ ಪಕ್ಕದಲ್ಲೇ ಇರುತ್ತೆ, ಕುರ್ಚಿ ಎಳೆಯೋ ಸದ್ದು ತಪ್ಪಲ್ಲ.

ಹಿಡಿಕೆಯ ಲಾಕ್ ಸಾಲದು, ಮಕ್ಕಳು ತೆಗೀತಾರೆ. ಹೊರಗಿನ ಚಿಲಕ ಹಾಕಿ, ಅದಕ್ಕೊಂದು ಚಿಕ್ಕ ಬೀಗ ಹಾಕಿ. ಕೀ ಒಬ್ಬರ ಹತ್ತಿರ ಮಾತ್ರ ಇರಲಿ. ಅವರು ಮಗುವಿನ ತಾಯಿಯೂ ಆಗಿರಬಾರದು, ಹೋಮಕ್ಕೆ ಕೂರುವವರೂ ಆಗಿರಬಾರದು. ಎದ್ದು ಬರೋಕೆ ಆಗೋರು ಬೇಕು. ಬಾಗಿಲ ಮೇಲೆ "ಒಳಗೆ ಬೆಕ್ಕಿದೆ" ಅಂತ ಅಂಟಿಸಿದ್ರೆ ಮಕ್ಕಳೆಲ್ಲ ಅಲ್ಲೇ ಗುಂಪು ಸೇರ್ತಾರೆ. "ಬೀಗ ಹಾಕಿದೆ. ಬಾತ್‌ರೂಮ್ ಎಡಗಡೆ ಇದೆ" ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಬಾಗಿಲು ತಟ್ಟೋರಲ್ಲಿ ಹೆಚ್ಚಿನವರು ಹುಡುಕ್ತಿರೋದು ಬಾತ್‌ರೂಮನ್ನೇ.

ಕಿಟಕಿ ಇವತ್ತೇ ನೋಡಿ. ವೆಲ್ಕ್ರೋ ಅಂಟಿಸಿದ ಸೊಳ್ಳೆಪರದೆ ಹೆದರಿದ ಬೆಕ್ಕನ್ನ ತಡೆಯಲ್ಲ, ಒಂದು ಮೂಲೆಯನ್ನ ಉಗುರಲ್ಲಿ ಕಿತ್ರೆ ಇಡೀ ಪರದೆ ಸುಲಿದು ಬರುತ್ತೆ. ಚೌಕಟ್ಟಿಗೆ ಸ್ಕ್ರೂ ಹೊಡೆದ ಸ್ಟೀಲ್ ಜಾಲರಿ ಆಗಬೇಕು. ಅದಿಲ್ಲದಿದ್ರೆ ಗಾಜು ಮುಚ್ಚಿ ಫ್ಯಾನ್ ಹಾಕಿ. ಎಸಿ ಪೈಪಿನ ತೂತು, ಸಜ್ಜೆ, ಬೀರುವಿನ ಹಿಂದಿನ ಸಂದು, ಎಲ್ಲ ನೋಡಿ. ಎತ್ತಿ ಮುಚ್ಚೋ ಬಾಕ್ಸ್ ಮಂಚ ಇದ್ರೆ ಸಾಮಾನು ತೆಗೆಯೋದನ್ನೆಲ್ಲ ಹಿಂದಿನ ದಿನವೇ ಮುಗಿಸಿ. ಹಲಗೆ ಎತ್ತಿದ ಅರೆಗಳಿಗೆಯಲ್ಲಿ ಬೆಕ್ಕು ಒಳಗೆ ಸೇರಿರುತ್ತೆ, ಮೇಲಿಂದ ಹಲಗೆ ಬಿದ್ರೆ ಜೀವಕ್ಕೇ ಅಪಾಯ.

ಉತ್ತರ 2: ಮೂರುಬಣ್ಣದ_ಪುಟ್ಟಿ

ಬಾಗಿಲ ಮೇಲೆ ಅಂಟಿಸೋ ಚೀಟಿ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಡುಗೆಯವರಿಗೆ, ಶಾಮಿಯಾನದವರಿಗೆ ಮಾತ್ರ "ಆ ರೂಮಲ್ಲಿ ಬೆಕ್ಕಿದೆ" ಅಂತ ಬಾಯಿಮಾತಲ್ಲಿ ಹೇಳಲೇಬೇಕು. ಬೆಳಗಿನ ಜಾವ 4ಕ್ಕೆ ಬಂದು ಬಾಗಿಲುಗಳನ್ನೆಲ್ಲ ಹಾರುಹೊಡೆದು ಇಡೋರು ಅವರೇ. ಆದ್ದರಿಂದ ಬೆಕ್ಕುಗಳನ್ನ ಹಿಂದಿನ ರಾತ್ರಿ ಮಲಗೋ ಹೊತ್ತಿಗೇ ಒಳಗೆ ಬಿಡಿ, ಬೆಳಿಗ್ಗೆ ಹಿಡಿಯೋಕೆ ಹೋಗಬೇಡಿ.

ಇಬ್ಬರೂ ಒಂದೇ ರೂಮಲ್ಲಿ ಇರೋದು ಅವರ ಸ್ನೇಹದ ಮೇಲೆ ನಿಂತಿದೆ. ಒಬ್ಬರ ಮೈ ಒಬ್ಬರು ನೆಕ್ಕೋದು, ತಾಗಿ ಮಲಗೋದು ದಿನಾ ನಡೀತಿದ್ರೆ ಸರಿ. ಸುಮ್ಮನೆ ಸಹಿಸಿಕೊಂಡು ಇರೋರಾದ್ರೆ ಬೇರೆ ಬೇರೆ ಇಡಿ. ಹೊರಗೆ ತವಿಲ್ ಬಡಿದಾಗ ಹೆದರಿದ ಬೆಕ್ಕಿಗೆ ಸದ್ದಿನ ಮೇಲೆ ಎರಗೋಕೆ ಆಗಲ್ಲ, ಪಕ್ಕದಲ್ಲಿರೋ ಬೆಕ್ಕಿನ ಮೇಲೆ ಎರಗುತ್ತೆ. ಹಾಗೆ ಒಂದು ಸಲ ಜಗಳ ಆದ್ರೆ ವಾರಗಟ್ಟಲೆ ಸರಿಹೋಗಲ್ಲ. ಒಂದೇ ರೂಮು ಅಂದ್ರೂ ಲಿಟರ್ ಟ್ರೇ, ಅಂದ್ರೆ ಬೆಕ್ಕು ಮಲಮೂತ್ರಕ್ಕೆ ಹೋಗೋ ತಟ್ಟೆ, ಮೂರು (ಬೆಕ್ಕಿಗೊಂದು, ಹೆಚ್ಚಿಗೆ ಇನ್ನೊಂದು), ಊಟದ ತಟ್ಟೆ ಬೇರೆ, ಅಡಗೋ ಜಾಗ ಬೇರೆ. ಟ್ರೇ ಒಂದು ಮೂಲೆ, ಊಟ ನೀರು ಎದುರು ಮೂಲೆ. ಅವತ್ತಿಗೋಸ್ಕರ ಲಿಟರ್ ಬ್ರ್ಯಾಂಡ್ ಬದಲಾಯಿಸಬೇಡಿ.

ಅಡಗೋಕೆ ದಿನಸಿ ಬರೋ ರಟ್ಟಿನ ಡಬ್ಬವೇ ಸಾಕು. ಎರಡು ಕಡೆ ತೂತು ಕೊಯ್ಯಿರಿ, ಒಂದೇ ತೂತಾದ್ರೆ ಒಳಗಿರೋದಕ್ಕೆ ತಪ್ಪಿಸಿಕೊಳ್ಳೋ ದಾರಿ ಇರಲ್ಲ. ನೀವು ಎರಡು ದಿನ ಹಾಕಿದ, ಒಗೆಯದ ಬಟ್ಟೆಯೊಂದನ್ನ ಒಳಗೆ ಹಾಸಿ. ಬೆಕ್ಕನ್ನ ಒಯ್ಯೋ ಕ್ಯಾರಿಯರ್ ಕೂಡ ಬಾಗಿಲು ತೆರೆದು ಅದೇ ರೂಮಲ್ಲಿರಲಿ. ತುರ್ತು ಬಂದ್ರೆ ಹುಡುಕೋ ಹಾಗಾಗಬಾರದು.

ಇನ್ನೂ ಒಂದು ತಿಂಗಳಿದೆಯಲ್ಲ, ಅಭ್ಯಾಸ ಮಾಡಿಸಿ. ದಿನಾ ಆ ರೂಮಲ್ಲೇ ಊಟ ಹಾಕಿ. ಮೊದಲ ವಾರ ಬಾಗಿಲು ತೆರೆದಿರಲಿ. ಎರಡನೇ ವಾರ 20 ನಿಮಿಷ ಮುಚ್ಚಿ, ಆಮೇಲೆ 1 ಗಂಟೆ, ಮೂರನೇ ವಾರದ ಹೊತ್ತಿಗೆ 3 ಗಂಟೆ. ಗಂಡು ಬಾಗಿಲು ಕೆರೆದ್ರೆ ಸಮಯ ಕಡಿಮೆ ಮಾಡಿ, ಮತ್ತೆ ಏರಿಸಿ. ಓಲಗದ ರೆಕಾರ್ಡಿಂಗನ್ನ ಸಣ್ಣ ದನಿಯಲ್ಲಿ ಹಾಕಿ, ಅದೇ ಹೊತ್ತಿಗೆ ಇಷ್ಟದ ತಿಂಡಿ ಕೊಡಿ, ದನಿಯನ್ನ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಬೋರ್ಡಿಂಗ್ ನಿಮ್ಮ ಹೆಣ್ಣು ಬೆಕ್ಕಿಗೆ ಬೇಡ. ಹೊಸ ಜಾಗ, ನಾಯಿಗಳ ವಾಸನೆ, ಪ್ರಯಾಣ ಎಲ್ಲ ಸೇರಿ ಮನೆಯ ಗಲಾಟೆಗಿಂತ ಹೆಚ್ಚೇ ಆಗುತ್ತೆ. ಗಂಡನ್ನ ಬಿಡೋದಾದ್ರೆ ಲಸಿಕೆಗಳು ಆಗಿ ಎರಡು ವಾರವಾದ್ರೂ ಕಳೆದಿರಬೇಕು.

ಉತ್ತರ 3: ಮದ್ದುಪೆಟ್ಟಿಗೆ

ಔಷಧಿಯ ಬಗ್ಗೆ. ಮನುಷ್ಯರ ನಿದ್ದೆ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಟ್ಟರೆ ಕೆಲವು ಬೆಕ್ಕುಗಳು ಮಲಗುವ ಬದಲು ಇನ್ನಷ್ಟು ಕೆರಳುತ್ತವೆ, ತೂರಾಡುತ್ತಾ ಓಡುತ್ತವೆ. ಪ್ಯಾರಸಿಟಮಾಲ್ ಅಂತೂ ವಿಷವೇ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, 500 ಮಿ.ಗ್ರಾಂನ ಒಂದೇ ಮಾತ್ರೆ ಜೀವ ತೆಗೆಯಬಹುದು. ಅತಿಥಿಗಳ ಕೈಚೀಲಗಳಲ್ಲಿ ಅದು ಇದ್ದೇ ಇರುತ್ತದೆ, ಆದ್ದರಿಂದ ಬೆಕ್ಕಿನ ರೂಮಿನಲ್ಲಿ ಯಾರ ಚೀಲವನ್ನೂ ಇಡಿಸಬೇಡಿ.

ಇಂಥ ಸಂದರ್ಭಕ್ಕೆ ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಹೆದರಿಕೆ ತಗ್ಗಿಸುವ ಗ್ಯಾಬಾಪೆಂಟಿನ್ ಎಂಬ ಔಷಧಿ. ಗಲಾಟೆ ಶುರುವಾಗುವ 2–3 ಗಂಟೆ ಮೊದಲು ಕೊಡಬೇಕು. ಹೆದರಿಕೆ ಏರಿದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಪ್ರಮಾಣ ತೂಕವನ್ನೂ ಕಿಡ್ನಿಯ ಸ್ಥಿತಿಯನ್ನೂ ನೋಡಿ ವೈದ್ಯರೇ ಹೇಳಬೇಕು. ಒಂದು ಎಚ್ಚರಿಕೆ: ನಮ್ಮ ಮೆಡಿಕಲ್ ಶಾಪುಗಳಲ್ಲಿ ಇದು ಮೀಥೈಲ್‌ಕೋಬಾಲಮಿನ್ ಅಥವಾ ನಾರ್ಟ್ರಿಪ್ಟಿಲಿನ್ ಎಂಬ ಬೇರೆ ಪದಾರ್ಥ ಬೆರೆತ ಮಾತ್ರೆಯಾಗಿಯೂ ಸಿಗುತ್ತದೆ. ಚೀಟಿಯಲ್ಲಿ ಬರೆದಿರುವ, ಬೇರೇನೂ ಬೆರೆಯದ ಗ್ಯಾಬಾಪೆಂಟಿನ್ನೇ ಬೇಕು ಅಂತ ಕೇಳಿ, ಮಾತ್ರೆ ಪಟ್ಟಿಯ ಹಿಂಬದಿ ಓದಿ. ಸಮಾರಂಭಕ್ಕೆ ವಾರ ಮೊದಲು ಒಂದು ಸಾಮಾನ್ಯ ದಿನ ಕೊಟ್ಟು ನೋಡಿ. ಕಾಲು ತಡವರಿಸುತ್ತದೆ, ನಿದ್ದೆ ಬರುತ್ತದೆ, ಆದ್ದರಿಂದ ಎತ್ತರದ ಜಾಗಕ್ಕೆ ಹತ್ತಲು ಬಿಡಬೇಡಿ. ಯಾರಾದರೂ ಏಸ್‌ಪ್ರೊಮಝಿನ್ ಎಂಬ ಮಂಪರಿನ ಔಷಧಿ ಒಂದನ್ನೇ ಸೂಚಿಸಿದರೆ ಕಾರಣ ಕೇಳಿ. ಅದು ಮೈಯನ್ನು ಜಡ ಮಾಡುತ್ತದೆ, ಒಳಗಿನ ಹೆದರಿಕೆಯನ್ನು ಕಳೆಯುವುದಿಲ್ಲ.

ಫೆರೋಮೋನ್ ಡಿಫ್ಯೂಸರ್ (ಬೆಕ್ಕನ್ನು ಸಮಾಧಾನ ಮಾಡುವ ವಾಸನೆ ಬಿಡುವ, ಪ್ಲಗ್ಗಿಗೆ ಹಾಕುವ ಸಾಧನ) ಎಲ್ಲ ಬೆಕ್ಕಿಗೂ ಹಿಡಿಸುತ್ತದೆ ಎಂದು ಹೇಳಲಾಗದು. ಹಾಕುವುದಾದರೆ ಎರಡು ದಿನ ಮೊದಲೇ ಹಾಕಿ, ಪರದೆಯ ಹಿಂದೆ ಅಥವಾ ಮೇಜಿನ ಕೆಳಗೆ ಬೇಡ. ಸ್ಪ್ರೇ ಆದರೆ ಡಬ್ಬಕ್ಕೆ ಹೊಡೆದು 15 ನಿಮಿಷ ಆರಲು ಬಿಡಿ, ಆಲ್ಕೋಹಾಲ್ ವಾಸನೆಗೆ ಬೆಕ್ಕು ಹತ್ತಿರ ಬರುವುದಿಲ್ಲ.

ಇಬ್ಬರ ರೇಬಿಸ್ ಲಸಿಕೆಯ ದಿನಾಂಕವನ್ನೂ ಈಗಲೇ ನೋಡಿಕೊಳ್ಳಿ. ಅವತ್ತು ಯಾರಿಗಾದರೂ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಬೆಕ್ಕಿಗೆ ಲಸಿಕೆ ಆಗಿದ್ದರೂ ಸರಿ, ಮುಂದಿನದನ್ನು ವೈದ್ಯರು ನಿರ್ಧರಿಸಲಿ.

ಹಿತ್ತಲಮನೆ

ತುಂಬಾ ಥ್ಯಾಂಕ್ಸ್. ಕೆಳಗಿನ ರೂಮೇ ಗೊತ್ತು ಮಾಡಿದ್ವಿ, ಇಬ್ಬರೂ ತಾಗಿ ಮಲಗೋರೇ. ಹೋಮದ ಹೊಗೆ, ಹೂವಿನ ಅಲಂಕಾರದಿಂದ ಏನಾದ್ರೂ ತೊಂದರೆ ಇದೆಯಾ? ಗಂಡು ಹೂವಿನ ಮಾಲೆ ಕಂಡ್ರೆ ಬಿಡಲ್ಲ.

ಉತ್ತರ 4: ಮೂರುಬಣ್ಣದ_ಪುಟ್ಟಿ

ಹೂವಿಗಿಂತ ಹೂ ಕಟ್ಟಿದ ದಾರಕ್ಕೆ ಹೆಚ್ಚು ಹೆದರಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ದಾರ ಒಂದು ಸಲ ಸಿಕ್ಕಿಕೊಂಡ್ರೆ ಉಗುಳೋಕೆ ಆಗಲ್ಲ, ನುಂಗ್ತಾನೇ ಹೋಗಬೇಕು. ಒಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿ ಉಳಿದದ್ದು ಮುಂದೆ ಸಾಗಿದ್ರೆ, ಲಾಡಿ ಎಳೆದ ಪೈಜಾಮದ ಸೊಂಟದ ಹಾಗೆ ಕರುಳು ನಿರಿಗೆ ಕಟ್ಟಿ ಕೊನೆಗೆ ಕೊಯ್ದುಹೋಗುತ್ತೆ. ಬಾಯಲ್ಲಾಗಲಿ ಹಿಂದಿನಿಂದಾಗಲಿ ದಾರ ನೇತಾಡ್ತಿದ್ರೆ ಎಳೆಯಲೇಬೇಡಿ, ಹಾಗೇ ಪಶುವೈದ್ಯರ ಹತ್ತಿರ ಒಯ್ಯಿರಿ. ಬಲೂನಿನ ರಿಬ್ಬನ್ನು, ಗಿಫ್ಟ್ ಕಟ್ಟಿದ ಜರಿದಾರಕ್ಕೂ ಇದೇ ಮಾತು.

ಹೂಗಳಲ್ಲಿ ನಿಜವಾದ ಲಿಲ್ಲಿ ಮನೆಯೊಳಗೇ ಬೇಡ. ಬೊಕೆಯಲ್ಲಿ ಬರೋ ದೊಡ್ಡ ಬಿಳಿ, ಗುಲಾಬಿ ಬಣ್ಣದ್ದು. ಎಸಳು, ಪರಾಗ, ಹೂದಾನಿಯ ನೀರು ಸಹ ಬೆಕ್ಕಿನ ಕಿಡ್ನಿಯನ್ನ ಹಾಳು ಮಾಡುತ್ತೆ. ಮೈಗೆ ಬಿದ್ದ ಪರಾಗವನ್ನ ನೆಕ್ಕಿದ್ರೂ ಸಾಕು. ಲಕ್ಷಣ ಕಾಯದೆ ಕೂಡಲೇ ಓಡಬೇಕು, 18 ಗಂಟೆ ದಾಟಿದ್ರೆ ಉಳಿಸೋದು ಕಷ್ಟ. ಬೊಕೆ ತಂದವರಿಂದ ಬಾಗಿಲಲ್ಲೇ ಇಸಿದುಕೊಂಡು ಹೊರಗಿಡಿ. ಕಣಗಿಲೆ ಹೃದಯಕ್ಕೆ ವಿಷ, ಮಾಲೆಯಲ್ಲಿ ಸೇರಿಸಬೇಡಿ ಅಂತ ಹೂವಾಡಗಿತ್ತಿಗೆ ಮೊದಲೇ ಹೇಳಿ. ಸೇವಂತಿಗೆ ತಿಂದ್ರೆ ವಾಂತಿ, ಜೊಲ್ಲು. ಸುಗಂಧರಾಜಕ್ಕೆ ಹೆದರಬೇಕಿಲ್ಲ, ಅದರ ದಾರಕ್ಕೆ ಮಾತ್ರ.

ಹೊಗೆಗೆ ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಸುತ್ತಿ ಒತ್ತಿ. ಹೋಮಕುಂಡ ರೂಮಿನ ಬಾಗಿಲಿಂದ ದೂರ, ಗಾಳಿ ಹೊರಗೆ ಹೋಗೋ ಕಡೆ ಇರಲಿ. ಓಲಗದವರೂ ಆ ಗೋಡೆಗೆ ಒರಗಿ ಕೂರಬಾರದು. ಕರ್ಪೂರ ನೆಕ್ಕಿದ್ರೆ ಫಿಟ್ಸ್ ಬರಬಹುದು, ಆರತಿ ತಟ್ಟೆ ಮೇಲಿನ ಶೆಲ್ಫಿನಲ್ಲಿರಲಿ.

ಉತ್ತರ 5: ಚಿಲಕ_ಬೀಗ

ಅವತ್ತಿನ ದಿನ: ಬೆಳಿಗ್ಗೆ 5ಕ್ಕೆ 10 ನಿಮಿಷ ಕೋಲಿಗೆ ಕಟ್ಟಿದ ಗರಿಯ ಆಟಿಕೆ ಆಡಿಸಿ, ಆಮೇಲೆ ಊಟ ಹಾಕಿ. ಬೇಟೆ, ಊಟ, ನಿದ್ದೆ ಅನ್ನೋದು ಬೆಕ್ಕಿನ ಸಹಜ ಕ್ರಮ. ಆಡಿಸಿದ ಗರಿಯನ್ನ ನೀವು ಬರುವಾಗ ತಂದುಬಿಡಿ. ಎರಡು ಎರಡೂವರೆ ಗಂಟೆಗೊಮ್ಮೆ ಒಳಗೆ ಹೋಗಿ ನೀರು, ಟ್ರೇ ನೋಡಿ, ಸ್ವಲ್ಪ ಕೂತು ಬನ್ನಿ. ಮಂಚದ ಕೆಳಗಿಂದ ಎಳೆಯಬೇಡಿ. ಒಳಗೆ ಹೋಗುವಾಗ ಬಾಗಿಲು ಒಂದು ಗೇಣು ಮಾತ್ರ ತೆರೆದು ಮೊದಲು ಕಾಲು ಅಡ್ಡ ಇಡಿ. ಗಂಡು ಕಾಯ್ತಿರುತ್ತೆ.

ಜನ ಹೋದ ಕೂಡಲೇ ಬಿಡೋದು ದೊಡ್ಡ ತಪ್ಪು. ಶಾಮಿಯಾನದವರು ಕಂಬ ಕಳಚಿ, ಅಡುಗೆಯವರು ಪಾತ್ರೆ ಸಾಗಿಸಿ, ಗೇಟು ಮುಚ್ಚಿದ ಮೇಲೆ ನೆಲ ಗುಡಿಸಿ: ದಾರ, ರಬ್ಬರ್ ಬ್ಯಾಂಡ್, ಬಲೂನಿನ ಚೂರು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಪಲ್ಯ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನ ಒಡೆಯುತ್ತವೆ. ನೆಲ ಒರೆಸೋಕೆ ಫಿನಾಯಿಲ್ ಬೇಡ. ಅದರ ಫೀನಾಲ್ ಅಂಗಾಲಿಗೆ ಹತ್ತಿ, ನೆಕ್ಕಿದಾಗ ಹೊಟ್ಟೆ ಸೇರುತ್ತೆ. ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪು ಹಾಕಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ. ಆಮೇಲೆ ಬಾಗಿಲು ತೆರೆದಿಟ್ಟು ನಿಮ್ಮ ಪಾಡಿಗೆ ನೀವಿರಿ. ಹೆಣ್ಣು ನಡುರಾತ್ರಿವರೆಗೂ ಬರದೇ ಇರಬಹುದು, ಪರವಾಗಿಲ್ಲ.

ಮುಂದಿನ ಎರಡು ಮೂರು ದಿನ ಗಂಡಿನ ಟ್ರೇ ಮೇಲೆ ಕಣ್ಣಿಡಿ. ಗಾಬರಿಯಾದ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಳ್ಳೋದುಂಟು. ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ಹನಿ ಮಾತ್ರ ಅಥವಾ ಏನೂ ಬರದೆ, ನೋವಿನಿಂದ ಕೂಗಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಪೂರ್ತಿ ಕಟ್ಟಿದ್ರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಯಾವ ಬೆಕ್ಕೇ ಆಗಲಿ 24 ಗಂಟೆ ಏನೂ ತಿನ್ನದಿದ್ರೂ ಫೋನ್ ಮಾಡಿ. ರಾತ್ರಿ ತೆರೆದಿರೋ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ, ನಂಬರನ್ನ ಫ್ರಿಜ್ ಮೇಲೆ ಅಂಟಿಸಿ.