ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೂಸಿಗೆ ಹಾಡು: ಹೆತ್ತವರ ಗುಂಪಿನಲ್ಲಿ ನವಜಾತ ಶಿಶುತಜ್ಞೆಯೊಂದಿಗೆ ಪ್ರಶ್ನೋತ್ತರ

ದಾವಣಗೆರೆಯ ತಾಯಿ: ಮೇಡಂ, 29 ವಾರಕ್ಕೆ ಹುಟ್ಟಿದ ನನ್ನ ಮಗಳಿಗೆ ಈಗ ಹದಿನೈದು ದಿನ. ಮೊನ್ನೆಯಿಂದ ಇನ್‌ಕ್ಯುಬೇಟರ್ ಒಳಗೆ ಫೋನ್ ಇಟ್ಟು ವೀಣೆ ಕೇಳಿಸುತ್ತಿದ್ದೇವೆ. ಆಗ ಅವಳು ಬೆರಳು ಅಗಲಿಸಿ ಕೈ ಮೇಲೆತ್ತುತ್ತಾಳೆ, ಬಿಕ್ಕಳಿಸುತ್ತಾಳೆ. ತಾಳ ಹಾಕುತ್ತಿದ್ದಾಳೆಂದು ಅತ್ತೆಯವರು ಸಂತೋಷಪಡುತ್ತಿದ್ದಾರೆ. ಅದು ನಿಜವೇ?

ವೈದ್ಯೆ: ಅಮ್ಮಾ, ಫೋನನ್ನು ಈಗಲೇ ಹೊರಗೆ ತೆಗೆಸಿ. ಅದು ತಾಳವಲ್ಲ. ಬೆರಳು ಸೆಟೆಯುವುದು, ಬಿಕ್ಕಳಿಕೆ, ಮುಖ ತಿರುಗಿಸುವುದು, ಮೈಬಣ್ಣ ಬದಲಾಗುವುದು, ಇವೆಲ್ಲ ‘ಇನ್ನು ತಾಳಲಾರೆ’ ಎಂದು ಇಷ್ಟು ಸಣ್ಣ ಕೂಸು ಹೇಳುವ ರೀತಿ. ಸುಮಾರು 25ನೇ ವಾರಕ್ಕೆ ಕಿವಿ ಕೇಳತೊಡಗುತ್ತದೆಯಾದರೂ, ಗರ್ಭದಲ್ಲಿ ತಾಯಿಯ ಮೈಯೂ ನೀರೂ ಕೀರಲು ಸದ್ದನ್ನು ತಡೆಯುತ್ತಿದ್ದವು. ಇನ್‌ಕ್ಯುಬೇಟರಿನಲ್ಲಿ ಅದೇ ಸದ್ದು ಗೋಡೆಗೆ ಬಡಿದು ಮತ್ತೆ ಮಗುವಿನ ಮೇಲೆಯೇ ಬೀಳುತ್ತದೆ. ಇಂಥ ಘಟಕಗಳಲ್ಲಿ ಸದ್ದು 45 ಡೆಸಿಬೆಲ್ ದಾಟದಿರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಹೇಳಿತ್ತು. ಇನ್‌ಕ್ಯುಬೇಟರಿನ ಬಾಗಿಲನ್ನು ರಪ್ಪನೆ ಮುಚ್ಚಿದರೂ ಆ ಮಿತಿ ದಾಟುತ್ತದೆ. ವೀಣೆ ಕೇಳಿಸುವಾಗ ಉಸಿರು ನಿಂತ ಅಥವಾ ಹೃದಯಬಡಿತ ತೀರಾ ಇಳಿದ ಅಲಾರಂ ಬಂದಿತ್ತೇ ಎಂದು ಸಿಸ್ಟರ್ ಅವರನ್ನು ಕೇಳಿ, ನನಗೆ ತಿಳಿಸಿ.

ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. 11 ಆಸ್ಪತ್ರೆಗಳ 272 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತವರೇ ಆರಿಸಿದ ಹಾಡನ್ನು ಎದುರಿನಲ್ಲೇ ಮೆಲ್ಲಗೆ ಹಾಡಿದಾಗ ಹೃದಯಬಡಿತ ನಿಧಾನವಾಯಿತು. ನಿಮ್ಮ ವೈದ್ಯರು ಒಪ್ಪಿದರೆ ಕಾಂಗರೂ ಆರೈಕೆಯಲ್ಲಿ, ಅಂದರೆ ಮೈಗೆ ಮೈ ತಾಗುವಂತೆ, ಮಗಳನ್ನು ಎದೆಗವಚಿಕೊಂಡು ಎರಡೇ ಸಾಲಿನ ಜೋಗುಳ ಗುನುಗಿ. ಬೆರಳು ಸೆಟೆದ ಕೂಡಲೇ ನಿಲ್ಲಿಸಿ.

ಹಾಸನದ ತಂದೆ: ಒಳಗಿಡಲು ಯಾವ ಕಂಪನಿಯ ಸ್ಪೀಕರ್ ಒಳ್ಳೆಯದು?

ಮೈಸೂರಿನ ಸದಸ್ಯ: ಆನಂದಭೈರವಿ ರಾಗ ಕೇಳಿಸಿದರೆ ರಕ್ತದಲ್ಲಿ ಆಮ್ಲಜನಕ ಏರಿ ವೆಂಟಿಲೇಟರ್ ಬೇಕಾಗುವುದಿಲ್ಲವೆಂಬ ಸಂದೇಶ ನನಗೆ ಬಂದಿದೆ. ಜಿನೀವಾದ ಸಂಶೋಧಕರೂ ಪುಂಗಿಯಿಂದ ಮಿದುಳು ಬೆಳೆಸಿದ್ದಾರಂತೆ.

ವೈದ್ಯೆ: ಇಂಥ ಸಂದೇಶವನ್ನು ಇಲ್ಲಿ ಹಾಕಬೇಡಿ, ಇದನ್ನು ನಂಬಿ ಯಾರಾದರೂ ಚಿಕಿತ್ಸೆ ತಡಮಾಡಿದರೆ ಮಗು ಉಳಿಯದೆ ಹೋಗಬಹುದು. 25 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) 2023ರಲ್ಲಿ ಮಾಡಿದ ಪರಿಶೀಲನೆಯಲ್ಲಿ ಸಂಗೀತದಿಂದ ಆಮ್ಲಜನಕ ಏರಿದ್ದು ಕಂಡಿಲ್ಲ. ಜಿನೀವಾದಲ್ಲಿ ಮಕ್ಕಳಿಗೆಂದೇ ಹಾರ್ಪ್, ಗಂಟೆ, ಪುಂಗಿಗಳಿಂದ ಸಂಗೀತ ರಚಿಸಿ, ಮಿದುಳಿನ ಭಾಗಗಳ ನಡುವಣ ಸಂಪರ್ಕವನ್ನು ಎಂಆರ್‌ಐಯಲ್ಲಿ ನೋಡಿದರು. ಅದು ವೆಂಟಿಲೇಟರಿಗೆ ಬದಲಿಯಲ್ಲ.

ಧಾರವಾಡದ ಸಂಗೀತ ಶಿಕ್ಷಕಿ: ನಮ್ಮ ರಾಗಗಳಿಗೆ ಶಕ್ತಿಯಿಲ್ಲವೆಂದು ಮೇಡಂ ಎಲ್ಲಿ ಹೇಳಿದ್ದಾರೆ? ರಾಗವನ್ನು ಔಷಧಿ ಚೀಟಿ ಮಾಡಬೇಡಿ.

ಮೈಸೂರಿನ ಸದಸ್ಯ: ನಿಮಗೆ ನಾದಚಿಕಿತ್ಸೆ ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಶಿಕ್ಷಕಿ: ನನ್ನ ಮಗ ಆ ಪೆಟ್ಟಿಗೆಯಲ್ಲಿ 41 ದಿನ ಇದ್ದ. ನೀವು ಒಂದು ದಿನವಾದರೂ ಅಲ್ಲಿ ನಿಂತಿದ್ದೀರಾ?

ತುಮಕೂರಿನ ತಾಯಿ: ಮೊಬೈಲಿನಲ್ಲಿ ಮಂತ್ರ ಹಾಕಬಹುದೇ?

ವೈದ್ಯೆ: ಮೇಲೆ ಹೇಳಿದ್ದೇನೆ. ಮೊಬೈಲ್ ಬೇಡ.

ಮಂಗಳೂರಿನ ತಂದೆ: ವಾದದ ನಡುವೆ ನನ್ನ ಪ್ರಶ್ನೆ ಹೂತುಹೋಯಿತು. ಕಿವಿಗೆ ಹಾನಿ ಮಾಡಬಹುದಾದ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಪಡೆದಿದ್ದ ನಮ್ಮ ಮಗು ಮನೆಗೆ ಬಂದ ಮೇಲೂ ಹಾಡಿಗೆ ಪ್ರತಿಕ್ರಿಯಿಸುತ್ತಿಲ್ಲ.

ವೈದ್ಯೆ: ಹಾಡಿನಿಂದ ಕಿವಿಯನ್ನು ಪರೀಕ್ಷಿಸಲಾಗದು. ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೇರಾ ಪರೀಕ್ಷೆಯನ್ನು ಈ ವಾರವೇ ಮಾಡಿಸಿ.

ರಾಯಚೂರಿನ ಅಜ್ಜಿ: ಸಿಡಿಯಾದರೆ ಹಾಕಬಹುದೇನಮ್ಮಾ?

ಮೈಸೂರಿನ ಸದಸ್ಯ: ವೈದ್ಯರಿಗೆ ನಮ್ಮ ಪರಂಪರೆ ಬೇಡವಾಗಿದೆ.

ದಾವಣಗೆರೆಯ ತಾಯಿ: ಮೇಡಂ, ಫೋನ್ ತೆಗೆಸಿದೆ. ವೀಣೆ ಹಾಕಿದ್ದಾಗ ಎರಡು ಬಾರಿ ಉಸಿರು ನಿಂತ ಅಲಾರಂ ಬಂದಿತ್ತೆಂದು ಸಿಸ್ಟರ್ ಈಗ ಹೇಳಿದರು.

ವೈದ್ಯೆ: ಎರಡೂ ಅಲಾರಂಗಳ ಸಮಯವನ್ನು ಬರೆದುಕೊಂಡು ಅಲ್ಲಿನ ವೈದ್ಯರಿಗೆ ಇಂದು ರಾತ್ರಿಯೇ ತೋರಿಸಿ. ಸದ್ದಿನಿಂದಲೇ ಹಾಗಾಯಿತೆಂದು ನಿರ್ಧರಿಸುವಂತಿಲ್ಲ; ಸೋಂಕು ತಗುಲಿದರೂ ಹೀಗೆ ಉಸಿರು ನಿಲ್ಲಬಹುದು. ಅವರು ನೋಡುವವರೆಗೆ ಜೋಗುಳವೂ ಬೇಡ, ಮಗುವಿನ ಮೇಲೆ ಬರಿಯ ಕೈ ಇಟ್ಟಿರಿ.