ಮಗುವಿಗೆ ಆಹಾರದ ಅಲರ್ಜಿ ಇದೆಯೋ ಇಲ್ಲವೋ ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ ಕೇಳಿದ ತಾಯಿ:
ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಎರಡು ವರ್ಷ. ಕಳೆದ ತಿಂಗಳು ಬೇಯಿಸಿದ ಮೊಟ್ಟೆಯ ಚೂರೊಂದನ್ನು ತಿಂದು ಹತ್ತು ನಿಮಿಷವಾಗುವಷ್ಟರಲ್ಲಿ ಅವನ ಬಾಯಿಯ ಸುತ್ತ ಗಂದೆಗಳೆದ್ದವು, ಮೇಲ್ತುಟಿ ಊದಿತು, ಆಮೇಲೆ ವಾಂತಿಯಾಯಿತು. ಹಸುಗೂಸಾಗಿದ್ದಾಗಿನಿಂದಲೂ ಅವನಿಗೆ ಇಸುಬು ಇದೆ. ಕುಟುಂಬ ವೈದ್ಯರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೊಟ್ಟೆಯ ಜೊತೆಗೆ ಹಾಲು, ಗೋಧಿ, ಕಡಲೆಕಾಯಿ ಎಲ್ಲವೂ ಪಾಸಿಟಿವ್ ಎಂದು ಬಂದಿದೆ. ಹಾಲನ್ನೂ ಗೋಧಿಯನ್ನೂ ಅವನು ದಿನವೂ ಸೇವಿಸುತ್ತಾನೆ; ಕಡಲೆಕಾಯಿಯನ್ನು ಇನ್ನೂ ಕೊಟ್ಟೇ ಇಲ್ಲ. ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಂತೆ. ಅಲ್ಲಿಯವರೆಗೆ ನಾಲ್ಕನ್ನೂ ಬಿಡಿಸಬೇಕೆ? ಹತ್ತಿರದಲ್ಲಿ ಮನೆಯ ಹಿರಿಯರು ಯಾರೂ ಇಲ್ಲದ ಕಾರಣ ನಿಮ್ಮನ್ನು ಕೇಳುತ್ತಿದ್ದೇನೆ.

ಹಿರಿಯ ಸದಸ್ಯರೊಬ್ಬರು:
ತಂಗಿ, ಇದರಲ್ಲಿ ಯೋಚಿಸುವುದೇನೂ ಇಲ್ಲ. ನಾಲ್ಕನ್ನೂ ಇಂದೇ ನಿಲ್ಲಿಸಿ. ವರದಿಯಲ್ಲಿ ಪಾಸಿಟಿವ್ ಎಂದು ಬಂದ ಮೇಲೂ ಅದನ್ನೇ ಮಗುವಿನ ಬಾಯಿಗಿಡಲು ನನಗಂತೂ ಧೈರ್ಯ ಬರುವುದಿಲ್ಲ. ನಮ್ಮ ಮಗಳಿಗೆ ಮನೆಗೇ ತರಿಸಿಕೊಳ್ಳುವ ಐಜಿಜಿ ಎಂಬ ರಕ್ತಪರೀಕ್ಷೆ ಮಾಡಿಸಿ, ಅದರಲ್ಲಿ ಕಂಡುಬಂದ ಪದಾರ್ಥಗಳನ್ನೆಲ್ಲ ವರ್ಷಗಟ್ಟಲೆ ದೂರವಿಟ್ಟೆವು. ಅವಳು ಇಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ. ಪಥ್ಯಕ್ಕಿಂತ ದೊಡ್ಡ ಮದ್ದಿಲ್ಲ.

ಇಬ್ಬರು ಮಕ್ಕಳ ತಾಯಿ:
ಹಿರಿಯರ ಮಾತು ಸರಿ ಎನಿಸುತ್ತದೆ. ನಮ್ಮ ದೊಡ್ಡವನಿಗೆ ಹೀಗಾದಾಗ ತವರಿನವರು ಫೋನಿನಲ್ಲಿ, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಎಂದುಬಿಟ್ಟರು. ರಾತ್ರಿಯೆಲ್ಲ ಮಗುವಿನ ಉಸಿರಾಟವನ್ನೇ ನೋಡುತ್ತ ಕುಳಿತಿದ್ದಾಗ ಅಮ್ಮ ಪಕ್ಕದಲ್ಲಿದ್ದಿದ್ದರೆ ಎಂದು ಎಷ್ಟು ಅನಿಸಿತ್ತೋ, ಹೇಳಲಾರೆ.

ಮಕ್ಕಳ ಅಲರ್ಜಿ ವಿಭಾಗದಲ್ಲಿ ಕೆಲಸ ಮಾಡುವ ಸದಸ್ಯೆ:
ದಯವಿಟ್ಟು ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಕಂಡಿತೆಂದರೆ ದೇಹ ಆ ಪದಾರ್ಥವನ್ನು ಗುರುತು ಹಿಡಿದಿದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಇಸುಬು ಇರುವ ಮಕ್ಕಳಲ್ಲಿ ಹೀಗೆ ಹಲವು ಪದಾರ್ಥಗಳಿಗೆ ಪಾಸಿಟಿವ್ ಬರುವುದು ತೀರ ಸಾಮಾನ್ಯ. ದಿನವೂ ಹಾಲು ಕುಡಿದು ಆಡಿಕೊಂಡಿರುವ ಮಗುವಿಗೆ, ಬರೀ ವರದಿಯನ್ನು ನೋಡಿ, ಹಾಲಿನ ಅಲರ್ಜಿ ಇದೆಯೆನ್ನಲಾಗದು. ಇನ್ನೊಂದು ಅಪಾಯವೂ ಇದೆ: ಸಹಿಸಿಕೊಂಡು ಬಂದ ಆಹಾರವನ್ನು ದೀರ್ಘಕಾಲ ನಿಲ್ಲಿಸಿದರೆ ಆ ಸಹನೆಯೇ ಕಳೆದುಹೋಗಿ, ಮುಂದೆ ಅದನ್ನು ಮತ್ತೆ ಕೊಟ್ಟಾಗ ತೀವ್ರವಾದ ಪ್ರತಿಕ್ರಿಯೆ ಆಗಬಹುದು.

ಮೊಟ್ಟೆಯ ವಿಷಯವೇ ಬೇರೆ. ನೀವು ಬರೆದಿರುವುದರಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ವರದಿಯಲ್ಲ, ಆ ವಾಂತಿ. ಕೆಲವು ನಿಮಿಷಗಳಲ್ಲೇ ಚರ್ಮದ ಜೊತೆಗೆ ಹೊಟ್ಟೆಯೂ ಕೆಟ್ಟಿದ್ದರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರಬಲ್ಲ ತೀವ್ರ ಅಲರ್ಜಿ, ಆಗಿದ್ದಿರಬಹುದು. ನಾಳೆಯೇ ಕುಟುಂಬ ವೈದ್ಯರಿಗೆ ಫೋನ್ ಮಾಡಿ, ಇದೇ ವಿವರ ಹೇಳಿ, ತಜ್ಞರ ಭೇಟಿಯನ್ನು ತುರ್ತು ಎಂದು ಬರೆಸಿ, ಅಡ್ರಿನಲಿನ್ ಪೆನ್ (ಇಂಥ ಪ್ರತಿಕ್ರಿಯೆಯಾದಾಗ ಕೂಡಲೇ ಚುಚ್ಚುವ ಮದ್ದು) ಬೇಕೇ ಎಂದು ಕೇಳಿ. ಅಂದಿನ ಫೋಟೊ ಇದ್ದರೆ ಜೋಪಾನವಾಗಿಡಿ. ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಎಷ್ಟು ಹೊತ್ತು ಇತ್ತು ಎಂಬುದನ್ನು ಮರೆಯುವ ಮುನ್ನ ಬರೆದಿಡಿ. ತಜ್ಞರು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ.

ಆಮೇಲೆ ಅವರು ಸ್ಕಿನ್ ಪ್ರಿಕ್ ಟೆಸ್ಟ್ ಮಾಡಬಹುದು. ಮುಂದೋಳಿನ ಮೇಲೆ ಆ ಆಹಾರದ ಸಾರದ ಹನಿಯಿಟ್ಟು ಸಣ್ಣಗೆ ಚುಚ್ಚಿ, ಸುಮಾರು 15 ನಿಮಿಷ ಬಿಟ್ಟು ಎದ್ದ ಗಂದೆಯನ್ನು ಅಳೆಯುತ್ತಾರೆ. ಸಾಮಾನ್ಯವಾಗಿ 3 ಮಿಲಿಮೀಟರಾಗಲಿ ಅದಕ್ಕಿಂತ ಹೆಚ್ಚಾಗಲಿ ಇದ್ದರೆ ಪಾಸಿಟಿವ್. ಗಂದೆ ದೊಡ್ಡದಾದಷ್ಟೂ ಅಲರ್ಜಿ ಇರುವ ಸಂಭವ ಹೆಚ್ಚು, ಆದರೆ ಮುಂದಿನ ಪ್ರತಿಕ್ರಿಯೆ ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆಗಲೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ ಫುಡ್ ಚಾಲೆಂಜ್, ಅಂದರೆ ನಿಗಾ ಇಟ್ಟು ಆ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ತಿನ್ನಿಸಿ ನೋಡುವ ಪರೀಕ್ಷೆ, ಮಾಡಿಯೇ ತೀರ್ಮಾನಿಸುತ್ತಾರೆ. ಐಜಿಜಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಅದು ಐಜಿಇ ಅಲ್ಲ, ಬೇರೆಯೇ ಪ್ರತಿಕಾಯ; ಮಗು ಆ ಆಹಾರವನ್ನು ತಿಂದಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಅಲರ್ಜಿ ಪತ್ತೆಗೆ ಅದನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ.

ಹಿರಿಯ ಸದಸ್ಯರು:
ನೀವು ಓದಿದವರು, ಒಪ್ಪುತ್ತೇನೆ. ಆದರೆ ಹೆತ್ತವರ ಅನುಭವಕ್ಕೂ ಒಂದು ಬೆಲೆಯಿದೆ. ಪಥ್ಯ ಮಾಡಿದ್ದರಿಂದಲೇ ನಮ್ಮ ಮಗಳ ತುರಿಕೆ ನಿಂತಿತು, ನಾವು ಕಣ್ಣಾರೆ ಕಂಡಿದ್ದೇವೆ. ಹಾಲು ಬಿಟ್ಟರೆ ಮಗುವಿಗೆ ಏನೂ ಆಗುವುದಿಲ್ಲ; ಕೊಟ್ಟು ಏನಾದರೂ ಆದರೆ ಹೊಣೆ ಯಾರು?

ಹೊಸದಾಗಿ ಸೇರಿದ ಸದಸ್ಯರು:
ಹಿರಿಯರು ಹೇಳಿದ್ದೇ ಸರಿ. ಮಗುವಿನ ವಿಷಯದಲ್ಲಿ ಎಚ್ಚರಿಕೆ ಹೆಚ್ಚಾದರೆ ತಪ್ಪಿಲ್ಲ.

ಒಬ್ಬ ತಂದೆ:
ನಮ್ಮ ಮಗಳ ಫುಡ್ ಚಾಲೆಂಜ್ ದಿನ ನಾನೇ ಜೊತೆಗಿದ್ದೆ. ನರ್ಸ್ ಮೊದಲು ಚಮಚದ ತುದಿಯಲ್ಲಿ ಅಂಟುವಷ್ಟು ಮೊಟ್ಟೆ ಕೊಟ್ಟರು. ಪ್ರತಿ ತುತ್ತಿನ ನಂತರ ಕಾದು, ಅವಳ ಹೊಟ್ಟೆಯನ್ನೂ ಬೆನ್ನನ್ನೂ ಬಟ್ಟೆ ಸರಿಸಿ ನೋಡಿ, ಉಸಿರಾಟ ಕೇಳಿ, ಆಮೇಲೆ ಮುಂದಿನ ತುತ್ತು. ಅಡ್ರಿನಲಿನ್ ಪಕ್ಕದ ಟ್ರೇಯಲ್ಲೇ ಸಿದ್ಧವಾಗಿತ್ತು. ಇಡೀ ಮೊಟ್ಟೆ ತಿಂದರೂ ಏನೂ ಆಗಲಿಲ್ಲ. ಅವಳ ರಕ್ತದ ವರದಿ ಅಂದಿಗೂ ಪಾಸಿಟಿವ್ ಆಗಿಯೇ ಇತ್ತು. ಆದರೆ ಇದನ್ನು ಯಾರೂ ಮನೆಯಲ್ಲಿ ಮಾಡಿನೋಡುವ ಸಾಹಸಕ್ಕೆ ಹೋಗಬಾರದು.

ಪ್ರಶ್ನೆ ಕೇಳಿದ ತಾಯಿ:
ಎಲ್ಲರಿಗೂ ಧನ್ಯವಾದ. ಹೆಚ್ಚಿನವರು ನಿಲ್ಲಿಸಿ ಎಂದದ್ದರಿಂದ ನಿನ್ನೆಯಿಂದ ಹಾಲು, ಗೋಧಿ ಎರಡನ್ನೂ ಬಿಡಿಸಿದ್ದೇವೆ. ಹಾಲಿಗೆ ಬದಲಾಗಿ ಏನು ಕೊಡಬಹುದು? ಕಡಲೆಕಾಯಿಯನ್ನು ಶಾಶ್ವತವಾಗಿ ಕೊಡಬಾರದೆ? ಇಸುಬಿನ ತುರಿಕೆಗೆ ಆಂಟಿಹಿಸ್ಟಮಿನ್ ಸಿರಪ್ ಕೊಡುತ್ತಿದ್ದೇವೆ, ಅದು ಪರೀಕ್ಷೆಗೆ ಅಡ್ಡಿಯಾಗುತ್ತದೆಯೆ?

ಅಲರ್ಜಿ ವಿಭಾಗದ ಸದಸ್ಯೆ:
ಬದಲಿ ಹುಡುಕುವ ಮೊದಲು, ಹಾಲು ಮತ್ತು ಗೋಧಿಯನ್ನು ಮತ್ತೆ ಆರಂಭಿಸುವ ಬಗ್ಗೆ ನಾಳೆ ವೈದ್ಯರಿಗೆ ಫೋನ್ ಮಾಡಿದಾಗಲೇ ಕೇಳಿ. ನಿಲ್ಲಿಸಿ ಒಂದೇ ದಿನವಾಗಿದೆ, ಅದನ್ನು ತಿಂಗಳುಗಳಿಗೆ ಎಳೆಯಬೇಡಿ. ಈ ವಯಸ್ಸಿನಲ್ಲಿ ಎರಡೂ ಹೋದರೆ ಪ್ರೋಟೀನು, ಕ್ಯಾಲ್ಸಿಯಮ್ಮು, ತೂಕ ಎಲ್ಲಕ್ಕೂ ಪೆಟ್ಟು. ಮೊಟ್ಟೆಯನ್ನು ಮಾತ್ರ ಕೊಡಬೇಡಿ. ಡೇ ಕೇರ್‌ನವರಿಗೂ ಬರೆದುಕೊಡಿ.

ಕಡಲೆಕಾಯಿಯನ್ನು ಮನೆಯಲ್ಲಿ ಮೊದಲ ಬಾರಿಗೆ ಕೊಟ್ಟು ನೋಡಬೇಡಿ, ಶಾಶ್ವತವಾಗಿ ದೂರವಿಡುವ ನಿರ್ಧಾರವನ್ನೂ ಮಾಡಬೇಡಿ. ತೀವ್ರ ಇಸುಬು ಇದ್ದ, ಮೊಟ್ಟೆಯ ಅಲರ್ಜಿ ಇದ್ದ ಅಥವಾ ಎರಡೂ ಇದ್ದ 640 ಹಸುಗೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಐದನೇ ವಯಸ್ಸಿನ ಹೊತ್ತಿಗೆ ಕಡಲೆಕಾಯಿ ಅಲರ್ಜಿ ಹೆಚ್ಚಾಗಿ ಕಂಡದ್ದು ಅದನ್ನು ದೂರವಿಟ್ಟ ಮಕ್ಕಳಲ್ಲೇ: ಅವರಲ್ಲಿ ಶೇ. 17.2, ತಿಂದವರಲ್ಲಿ ಶೇ. 3.2. ನಿಮ್ಮ ಮಗ ಆ ಹಸುಗೂಸಿನ ವಯಸ್ಸನ್ನು ದಾಟಿರುವುದರಿಂದಲೇ ಭೇಟಿಯನ್ನು ಬೇಗ ಪಡೆಯಿರಿ.

ಸಿರಪ್ ರಕ್ತಪರೀಕ್ಷೆಗೆ ಅಡ್ಡಿಯಾಗದು. ಸ್ಕಿನ್ ಪ್ರಿಕ್ ಟೆಸ್ಟಿಗೆ ಕೆಲವು ದಿನ ಮುಂಚೆ ನಿಲ್ಲಿಸಬೇಕು. ಎಷ್ಟು ದಿನ ಎಂಬುದನ್ನು ಭೇಟಿ ಗೊತ್ತಾದಾಗ ಆಸ್ಪತ್ರೆಯವರನ್ನೇ ಕೇಳಿ.