1956ರ ಎಫ್-100: ಮುಂದಿನ ಹಳೇ ಆಕ್ಸಲ್ ಇಟ್ಕೊಳ್ಳೋದಾ, ಬದಲಾಯಿಸೋದಾ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 1956ರ ಫೋರ್ಡ್ ಎಫ್-100 ಪಿಕಪ್ ಇದೆ, ಮುಂದೆ ಕಂಪನಿದೇ ಐ-ಬೀಮ್ ಆಕ್ಸಲ್ (ಎರಡೂ ಚಕ್ರ ಜೋಡಿಸೋ ಒಂದೇ ಗಟ್ಟಿ ಉಕ್ಕಿನ ತೊಲೆ), ಕಮಾನ್ ಪ್ಲೇಟು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವೇಗ ಗಂಟೆಗೆ 50 ಮೈಲಿ ದಾಟಿದ್ರೆ ಗಾಡಿ ಆ ಕಡೆ ಈ ಕಡೆ ಅಲೆಯತ್ತೆ, ಸ್ಟೇರಿಂಗ್ ಮೂರು ಇಂಚು ತಿರುಗಿಸಿದ್ಮೇಲೇ ಚಕ್ರ ಕದಲೋದು. ಗೆಳೆಯರೆಲ್ಲ ಕಿತ್ತಾಕು, ಮಸ್ಟ್ಯಾಂಗ್ 2 ಕಿಟ್ (ಫೋರ್ಡ್ ಮಸ್ಟ್ಯಾಂಗ್ 2 ಕಾರಿನ ಥರದ, ಎರಡು ಚಕ್ರ ಬೇರೆಬೇರೆಯಾಗಿ ಆಡೋ ಮುಂದಿನ ಸಸ್ಪೆನ್ಶನ್) ಹಾಕ್ಸು ಅಂತಿದಾರೆ, ಆದ್ರೆ ಚಾಸಿಗೆ ಕಟರ್ ಇಡಕ್ಕೆ ನಂಗೆ ಮನಸ್ಸೇ ಬರ್ತಿಲ್ಲ. ವಾರಕ್ಕೊಂದ್ಸಲ ಓಡ್ಸೋ ಗಾಡಿ. ಏನ್ಮಾಡ್ಲಿ?

ಉತ್ತರ 1
ಸರ್, ಮೊದ್ಲು ಕಟರ್ ಪಕ್ಕಕ್ಕಿಡಿ. ನೀವು ಹೇಳ್ತಿರೋದು ಸವೆದ ಗಾಡಿ ಲಕ್ಷಣ, ಡಿಸೈನ್ ತಪ್ಪಲ್ಲ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೂ ಹೊರಗೂ ಅಲ್ಲಾಡ್ಸಿ. ಆಟ ಸಿಕ್ಕಿದ್ರೆ ಇನ್ನೊಬ್ರಿಗೆ ಬ್ರೇಕ್ ತುಳ್ಕೊಂಡಿರಕ್ಕೆ ಹೇಳಿ ಮತ್ತೆ ಅಲ್ಲಾಡ್ಸಿ, ಆಟ ನಿಂತ್ರೆ ವೀಲ್ ಬೇರಿಂಗ್ ಸಡಿಲ, ಆಗ್ಲೂ ಟಕ್ ಟಕ್ ಅಂದ್ರೆ ಕಿಂಗ್ ಪಿನ್ (ಚಕ್ರ ಎಡಕ್ಕೂ ಬಲಕ್ಕೂ ತಿರುಗೋ ಕೀಲಿನ ಪಿನ್ನು) ಹೋಗಿದೆ. ಹೊಸ ಬುಶ್ (ಪಿನ್ ಕೂರೋ ಕೊಳವೆ) ಹಾಕಿದ್ಮೇಲೆ ಪಿನ್ ಅಳತೆಗೆ ಸರಿಯಾಗಿ ರೀಮರ್ (ತೂತು ನಯವಾಗಿ ಅಗಲ ಮಾಡೋ ಉಪಕರಣ) ಆಡಿಸ್ಲೇಬೇಕು, ಸುತ್ತಿಗೇಲಿ ಬಡಿದು ಕೂರಿಸ್ಬೇಡಿ. ಹಳೇ ಬಯಾಸ್ ಟೈರ್ (ಒಳಗಿನ ದಾರ ಓರೆಯಾಗಿ ಹೆಣೆದಿರೋ ಹಳೇ ಕಾಲದ್ದು) ಇದ್ರೆ ರೇಡಿಯಲ್ ಹಾಕಿ, ಬಯಾಸ್ ಟೈರು ರಸ್ತೆ ಗೀರು ಹಿಡ್ಕೊಂಡು ಹೋಗತ್ತೆ.

ಉತ್ತರ 2
ನಾನು ಮಸ್ಟ್ಯಾಂಗ್ 2 ಕಿಟ್ ಹಾಕ್ಸಿದೀನಿ, ಓಡ್ಸಕ್ಕೆ ನಿಜಕ್ಕೂ ಚೆನ್ನಾಗಿದೆ, ಒಂದು ಚಕ್ರ ಹಳ್ಳಕ್ಕೆ ಬಿದ್ರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ, ರ‍್ಯಾಕ್ ಸ್ಟೇರಿಂಗ್, ಡಿಸ್ಕ್ ಬ್ರೇಕ್ ಎಲ್ಲ ಒಟ್ಟಿಗೆ ಬಂತು. ಆದ್ರೆ ಅದರ ಮೂಲ 1974ರಿಂದ 78ರವರೆಗೆ ಬಂದ ಚಿಕ್ಕ ಕಾರು ಅನ್ನೋದು ನೆನಪಿರ್ಲಿ, ಟ್ರಕ್ ಭಾರಕ್ಕೆ ಮಾಡಿದ ಗಟ್ಟಿ ಕಿಟ್ಟೇ ಬೇಕು. ನಂಗೆ ಮೊದ್ಲು ವೆಲ್ಡ್ ಮಾಡಿದೋರು ಕ್ರಾಸ್ ಮೆಂಬರ್ (ಚಾಸಿಗೆ ಅಡ್ಡ ಕೂರೋ ತೊಲೆ) ಅರ್ಧ ಇಂಚು ಹಿಂದೆ ಕೂರ್ಸಿಬಿಟ್ರು, ಚಕ್ರ ಫೆಂಡರ್ ಮಧ್ಯಕ್ಕೆ ಬರ್ಲೇ ಇಲ್ಲ, ಎಲ್ಲ ಬಿಚ್ಚಿ ಮತ್ತೆ ಮಾಡಿಸ್ಬೇಕಾಯ್ತು. ಕತ್ತರಿಸಿದ ಚಾಸಿನ ವಾಪಸ್ ಮೊದಲಿನ ಥರ ಮಾಡೋದು ಭಾಳ ಕಷ್ಟ. ಮನಸ್ಸಿಲ್ದೇ ಕೈ ಹಾಕ್ಬೇಡಿ.

ಉತ್ತರ 3
ವಾರಕ್ಕೊಂದ್ಸಲ ಓಡ್ಸೋ ಗಾಡಿಗೆ ಆ ಆಕ್ಸಲ್ ಧಾರಾಳ ಸಾಕು. ಕಿಂಗ್ ಪಿನ್, ಶ್ಯಾಕಲ್ ಬುಶ್ (ಕಮಾನಿನ ತುದಿದು), ಟೈ ರಾಡ್ ಎಂಡ್ (ಸ್ಟೇರಿಂಗ್ ಕೊಂಡಿ ತುದಿದು) ಹೊಸದಾಗ್ಲಿ, ಸ್ಟೇರಿಂಗ್ ಬಾಕ್ಸ್ ಅಡ್ಜಸ್ಟ್ ಆಗ್ಲಿ. ಆಮೇಲೂ ಅಲೆದ್ರೆ ಕ್ಯಾಸ್ಟರ್ (ಪಕ್ಕದಿಂದ ನೋಡಿದ್ರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರೋ ಕೋನ) ನೋಡ್ಸಿ, ಕಮಾನಿಗೂ ಆಕ್ಸಲ್‌ಗೂ ಮಧ್ಯ ಇಳಿಜಾರು ಶಿಮ್ (ಬೆಣೆ ಥರದ ಲೋಹದ ತುಂಡು) ಕೊಟ್ರೆ ಸರಿಹೋಗತ್ತೆ, ದಪ್ಪ ತುದಿ ಗಾಡಿ ಹಿಂಭಾಗದ ಕಡೆ ಇರ್ಬೇಕು. ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ತಿರುಗಿರೋ ಅಳತೆ) 1/8 ಇಂಚು ಇಡ್ಸಿ. ಬ್ರೇಕ್ ಮಾತ್ರ ನಾನು ಬಿಡಲ್ಲ, ಇದೇ ಆಕ್ಸಲ್‌ಗೆ ಬೋಲ್ಟ್ ಆಗೋ ಡಿಸ್ಕ್ ಕಿಟ್ ಬರತ್ತೆ, ಜೊತೆಗೆ ಎರಡು ಭಾಗದ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆ ತಳ್ಳೋದು) ಹಾಕ್ಸಿ, ಹಳೇದ್ರಲ್ಲಿ ಒಂದು ಕಡೆ ಲೀಕ್ ಆದ್ರೆ ನಾಲ್ಕೂ ಬ್ರೇಕ್ ಹೋಗತ್ತೆ.

ಪ್ರಶ್ನೆ ಕೇಳಿದವರು
ಇವತ್ತು ಬೆಳಿಗ್ಗೆ ಜಾಕ್ ಹಾಕಿ ನೋಡ್ದೆ. ಎಡಗಡೆ ಬ್ರೇಕ್ ತುಳಿದಾಗ್ಲೂ ಟಕ್ ಟಕ್ ಅಂತಿದೆ, ಗ್ರೀಸ್ ನಿಪ್ಪಲ್ ಒಳಗೆ ಗ್ರೀಸ್ ಕಲ್ಲಾಗಿ ಕೂತಿತ್ತು. ಕಿಂಗ್ ಪಿನ್ ಸೆಟ್ಟು, ಡಿಸ್ಕ್ ಕಿಟ್ಟು ಎರಡೂ ಆರ್ಡರ್ ಮಾಡ್ತಿದೀನಿ. ಆಕ್ಸಲ್ ಇರತ್ತೆ.